ಅತ್ತೆಯ ಹಕಾರ

ಜನವರಿ 12

ಪೀಪಿಗೆ, ಅತ್ತೆಯ ಹಾರೈಕೆ.

ನಿನ್ನ ಗಂಟಲಿನ ಆಪರೇಷನ್ ಸುದ್ದಿ ನನಗಿಂತ ಮೊದಲು ನಮ್ಮ ಇಸ್ತ್ರಿಯವಳಿಗೆ ಗೊತ್ತಾಯಿತು. ಅವಳ ಫೋನಿನಲ್ಲಿ ನಿನ್ನ ಫೋಟೊ, ಕೆಳಗೆ ‘ಮತ್ತೆ ಹಾಡುವರೇ?’ ಎಂದು ದಪ್ಪಕ್ಷರ. “ಅಕ್ಕಾ, ನಿಮ್ಮ ಹುಡುಗಿ ಗಂಟಲಲ್ಲಿ ಗಂಟಂತೆ” ಅಂದಳು. “ಗಂಟು ಬಂದ್ರೆ ಬಿಚ್ಚಿ ಒಗೀತಾರೆ, ಅದಕ್ಯಾಕೆ ಇಷ್ಟು ದಪ್ಪ ಅಕ್ಷರ?” ಅಂದೆ. ಅಂದುಬಿಟ್ಟು ಹಿಂದಿನ ಕೋಣೆಗೆ ಹೋಗಿ, ಒಗೆದಿಟ್ಟ ದಿಂಬಿನ ಚೀಲಗಳ ನಡುವೆ ಸ್ವಲ್ಪ ಹೊತ್ತು ಕೂತೆ.

ಮಾರನೆಯ ದಿನ ನಿನ್ನ ಪಾರ್ಸೆಲ್ ಬಂತು. ಮೇಲಿನ ಚೀಟಿ ಓದಿದೆ. ಆಪರೇಷನ್ ಚೆನ್ನಾಗಿ ಆಗಿದೆ, ಡಾಕ್ಟರು ಹೇಳುವ ತನಕ ಮಾತಿಲ್ಲ, ಪಿಸುಮಾತೂ ಇಲ್ಲ, ಆದ್ದರಿಂದ ಫೋನಿಲ್ಲ ಎಂದಿದ್ದೀಯ. ಸರಿ. ಫೋನಿನಲ್ಲಿ ಬರೆದು ಕಳಿಸು ಅನ್ನಬೇಡ. ನಾನು ಒಂದು ಅಕ್ಷರ ಒತ್ತಿದರೆ ಅದು ತನಗೆ ಬೇಕಾದ ಪದ ತಂದು ಕೂರಿಸುತ್ತದೆ. ಮೊನ್ನೆ ಹೋಟೆಲಿನವರಿಗೆ ‘ಬಟ್ಟೆ ಸಿದ್ಧ’ ಎಂದು ಕಳಿಸಲು ಹೋಗಿ ‘ಬೆಟ್ಟ ಸಿದ್ಧ’ ಎಂದು ಹೋಯಿತು. ಅವರು ಲಾರಿ ಕಳಿಸಲೇ ಅಂತ ಕೇಳಿದರು. ಆದ್ದರಿಂದ ಕಾಗದವೇ ವಾಸಿ.

ನೀನು ಏಳು ವರ್ಷದವಳಿದ್ದಾಗ ನಿನ್ನಪ್ಪ, ನನ್ನ ತಮ್ಮ, ಲಾರಿ ಕೆಲಸಕ್ಕೆ ಹೋಗುತ್ತಾ ನಿನ್ನನ್ನು ನಮ್ಮ ಲಾಂಡ್ರಿಯಲ್ಲಿ ಇಳಿಸಿ ಹೋದ. ತಾಯಿ ತೀರಿಕೊಂಡ ಮೇಲೆ ನಿನ್ನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಆಗಲೂ ನಾನೇ ಇಬ್ಬರ ಪಾಲಿನ ಮಾತು ಆಡಿದ್ದೆ. ಈಗಲೂ ಆಡುತ್ತೇನೆ, ಅದೇನು ಹೊಸದಲ್ಲ.

ನಿನ್ನ ಪುಸ್ತಕದ ಹಾಳೆಗಳು ಚೀಟಿಯ ಕೆಳಗಿವೆ. ನನ್ನ ಓದು ನಿನಗೆ ಗೊತ್ತಲ್ಲ, ಮಡಿಕೆ ಬಿಡಿಸಿ ಬಿಡಿಸಿ ಓದಬೇಕು. ಬಿಸಿನೀರು ಕುಡಿ. ಡಾಕ್ಟರಿಗಿಂತ ಹೆಚ್ಚು ತಿಳಿದವರ ಮಾತು ಕೇಳಬೇಡ, ನನ್ನದೂ ಸೇರಿ.

ನಿನ್ನ,
ಅತ್ತೆ

*

ಜನವರಿ 23

ಅತ್ತೆ,

ಬೆಟ್ಟ ಸಿದ್ಧ ಓದಿ ನಗು ಬಂತು. ನಗುವುದೂ ನಿಷಿದ್ಧವಂತೆ. ಬಾಯಿಗೆ ಟವೆಲ್ ಒತ್ತಿಕೊಂಡೆ.

ನನ್ನ ದಿನಚರಿ ಇಷ್ಟು: ಒಂದು ಸ್ಲೇಟು, ಒಂದು ಲೋಟ, ಒಂದು ಚಮಚ. ಮ್ಯಾನೇಜರ್ ಫೋನ್ ಮಾಡಿದರೆ ಅವನು ಮಾತಾಡುತ್ತಾನೆ, ನಾನು ಲೋಟ ಬಾರಿಸುತ್ತೇನೆ. ಒಂದು ಏಟು ಹೌದು, ಎರಡು ಏಟು ಇಲ್ಲ. ನಿನ್ನೆ ಚಮಚ ಕೈಜಾರಿ ನೆಲಕ್ಕೆ ಬಿದ್ದು ಟಣಟಣ ಅಂದಿತು. “ಇದಕ್ಕೇನರ್ಥ? ಕಾರ್ಯಕ್ರಮ ಬಿಡ್ತೀಯಾ?” ಅಂತ ಗಾಬರಿಬಿದ್ದ. ಜೂನ್ ಕೊನೆಗೆ ದೊಡ್ಡ ಸಭಾಂಗಣ ಗೊತ್ತುಮಾಡಿದ್ದಾನೆ. ನಾನು ಹಾಡಬಲ್ಲೆನೋ ಇಲ್ಲವೋ ಡಾಕ್ಟರಿಗೇ ಗೊತ್ತಿಲ್ಲ.

ಅದಕ್ಕೇ ಪುಸ್ತಕ. ಬೇರೆಯವರು ನನ್ನ ಕಥೆ ಬರೆದಾಗಲೆಲ್ಲ ನಾನು ಹಾಡಿದ ಸೋಪಿನ ಜಾಹೀರಾತಿನಿಂದ ಶುರುಮಾಡುತ್ತಾರೆ. ಹೋಟೆಲಿಗೆ ಮೇಜುಬಟ್ಟೆ ಕೊಡಲು ಹೋದವಳು, ಅಲ್ಲಿಯ ವಾದ್ಯದವರ ಗಾಯಕಿ ಬಾರದ ಸಂಜೆ ಮೇಜುಬಟ್ಟೆ ಪಕ್ಕಕ್ಕಿಟ್ಟು ಹಾಡಿದಳು ಎಂಬುದೂ ಯಾರಿಗೂ ಗೊತ್ತಿಲ್ಲ. ಹಾಡು ಬರೆಯುವವಳೂ ನಾನೇ ಎಂದರೆ “ಯಾರು ಬರ್ಕೊಡ್ತಾರೆ, ನಿಜ ಹೇಳಿ” ಅನ್ನುತ್ತಾರೆ. ಸೋಪಿಗಿಂತ ಮೊದಲಿನದ್ದನ್ನು ನಾನೇ ಬರೆಯಬೇಕಿತ್ತು.

ನಿನಗೆ ಕಳಿಸಿದ್ದು ಮೊದಲ ಅಧ್ಯಾಯ, ‘ಆಡು’. ಅದು ನಿನ್ನದು. ನೀನು ಒಪ್ಪಿದರೆ ಮಾತ್ರ ಅಚ್ಚಿಗೆ. ಒಪ್ಪದಿದ್ದರೆ ತೆಗೆಯುತ್ತೇನೆ. ಆಗ ಪುಸ್ತಕ ಸೋಪಿನಿಂದಲೇ ಶುರುವಾಗಬೇಕು, ಇರಲಿ. ಪ್ರಕಾಶಕರು ಮಾರ್ಚ್ ಕೊನೆಯವರೆಗೆ ಕಾಯುತ್ತಾರೆ.

ಮೆಲ್ಲಗೆ ಓದು. ಆದರೆ ಓದು.

ಇಂತಿ,
ಬಾಯಿಲ್ಲದ ಪೀಪಿ

*

ಫೆಬ್ರವರಿ 6

ಪೀಪಿ,

ಓದಿದೆ. ಊಟದ ಬಿಡುವಿನಲ್ಲಿ ಇಸ್ತ್ರಿಯವಳು ಗಟ್ಟಿಯಾಗಿಯೂ ಓದಿದಳು. ಮಡಿಸುವ ಹೆಂಗಸರೆಲ್ಲ ಸುತ್ತ ಕೂತಿದ್ದರು.

ಶುರುವೇ ಚೆನ್ನಾಗಿದೆ. ‘ನನ್ನ ಅತ್ತೆಗೆ ಹ ಬರುತ್ತಿರಲಿಲ್ಲ. ಒಗೆಯುವ ಯಂತ್ರಗಳ ಗದ್ದಲದಲ್ಲಿ ನನ್ನನ್ನು ಬಟ್ಟೆಯ ಮೂಟೆಯ ಮೇಲೆ ಕೂರಿಸಿ ಆಡು ಎಂದಳು. ಆಟ ಆಡು ಎಂದಳೋ, ಮಾತು ಆಡು ಎಂದಳೋ, ಹಾಡು ಎಂದಳೋ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ಮೂರನ್ನೂ ಮಾಡಿದೆ.’ ಇದನ್ನು ಓದಿದಾಗ ಯಾರೂ ಅಗಿಯಲಿಲ್ಲ. ತುತ್ತು ಬಾಯಲ್ಲೇ ಇತ್ತು.

ಶಾಲೆಯದ್ದೂ ಸರಿಯಾಗಿ ಬರೆದಿದ್ದೀಯ. ಹಕ್ಕಿ ಹಾರಿತು ಎಂದು ಓದುವ ಬದಲು ನೀನು ನನ್ನ ಹಾಗೆ ಅಕ್ಕಿ ಆರಿತು ಎಂದು ಓದಿ, ತರಗತಿಯೆಲ್ಲ ನಕ್ಕು, ನಾನು ಜಗಳಕ್ಕೆ ಹೋದದ್ದು. “ಹಕ್ಕಿ ಅನ್ನಿ ನೋಡೋಣ” ಅಂದರು ಮೇಡಂ. “ಅದನ್ನೇ ಅಲ್ವಾ ನಾನೂ ಅಂತಿರೋದು, ಅಕ್ಕಿ” ಅಂದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಂದು ತಿದ್ದುಪಡಿ: ಆ ದಿನ ನಾನು ಉಟ್ಟದ್ದು ನೀಲಿ, ಹಸಿರಲ್ಲ. ಹಸಿರು ಸೀರೆ ಒಗೆಯಲು ಹೋಗಿತ್ತು. ಲಾಂಡ್ರಿಯವಳ ಸೀರೆಗೆ ಮಾತ್ರ ಸರದಿ ಬರುವುದು ಕೊನೆಗೆ.

ಆಮೇಲೆ ಕೊನೆಯ ಪುಟ ಬಂತು. ‘ಅತ್ತೆಯ ನಾಲಿಗೆಗೆ ಹ ಇಂದಿಗೂ ಹತ್ತಿಲ್ಲ.’

ಇಸ್ತ್ರಿಯವಳು ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. ಉಳಿದವರೂ ನೋಡಿದರು. ನಾನು “ಗಂಟೆ ಆಯ್ತು, ಏಳ್ರಿ” ಅಂದೆ.

ಇಂದಿಗೂ ಎಂದು ಬರೆದಿದ್ದೀಯ. ಅದು ನಿಜವಲ್ಲ.

ಈ ಅಧ್ಯಾಯ ಬೇಡ. ಸೋಪಿನಿಂದಲೇ ಶುರುಮಾಡು.

ಅತ್ತೆ

*

ಫೆಬ್ರವರಿ 14

ಅತ್ತೆ,

ನಿನ್ನ ಮನಸ್ಸಿಗೆ ನೋವಾಯಿತು. ನನಗೆ ಬುದ್ಧಿ ಇರಲಿಲ್ಲ. ಜಗತ್ತಿನ ಮುಂದೆ ನಿನ್ನ ನಾಲಿಗೆಯನ್ನು ಆಡಿಕೊಂಡ ಹಾಗಾಯಿತು. ನಾನು ಪ್ರೀತಿಯಿಂದ ಬರೆದೆ, ಆದರೆ ಓದುವವರು ಪ್ರೀತಿಯಿಂದಲೇ ಓದುತ್ತಾರೆ ಎಂದೇನಿಲ್ಲ.

ಕರಡು ತಿದ್ದುವವರಿಗೆ ಹೇಳಿದ್ದೇನೆ. ನಿನ್ನ ಮಾತು ಬರುವ ಕಡೆಯೆಲ್ಲ ಹ ಹಾಕುತ್ತಾರೆ. ಅಕ್ಕಿ ಹಕ್ಕಿಯಾಗುತ್ತದೆ, ಆಡು ಹಾಡಾಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಆ ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಹೀಗಾದರೂ ಒಪ್ಪುವೆಯಾ?

ಇನ್ನೊಂದು ವಿಷಯ, ಇದಕ್ಕಾದರೂ ನಗು. ಧ್ವನಿಯ ತರಬೇತಿಗೆ ಒಬ್ಬ ಮೇಡಂ ಬರುತ್ತಾರೆ. ನನ್ನ ಹಳೆಯ ಹಾಡುಗಳನ್ನೆಲ್ಲ ಕೇಳಿ ಅವರು ಹೇಳಿದ್ದೇನು ಗೊತ್ತಾ? ನಾನು ಅ, ಆ ಶುರುಮಾಡುವಾಗ ಗಂಟಲ ಒಳಗಿನ ಎರಡು ತೆರೆಗಳು ಬಾಗಿಲು ಬಡಿದ ಹಾಗೆ ಬಡಿದುಕೊಳ್ಳುತ್ತವಂತೆ. ವರ್ಷಗಟ್ಟಲೆ ಬಡಿದು ಬಡಿದು ಜಡ್ಡುಗಟ್ಟಿ ಗಂಟಾಯಿತಂತೆ. ಮದ್ದು ಏನು? ಹ. ಮೊದಲು ಉಸಿರು ಹೋಗಬೇಕು, ಅದರ ಬೆನ್ನಿಗೆ ದನಿ. ಬಾಗಿಲು ಬಡಿಯುವುದಿಲ್ಲ, ಒರಗುತ್ತದೆ.

ಸದ್ಯಕ್ಕೆ ದನಿ ಇಲ್ಲದೆ ಬರೀ ಉಸಿರಿನಲ್ಲಿ ಹ ಅಭ್ಯಾಸ. ನನಗೆ ಬರುತ್ತಿಲ್ಲ, ಅತ್ತೆ! ಇಷ್ಟು ವರ್ಷ ಹಾಡಿದ ಮೇಲೆ ‘ಅಂಗನವಾಡಿ ಮಗುವಿನ ಹಾಗೆ ಶುರುಮಾಡಿ’ ಅನ್ನುತ್ತಾರೆ. ಮೇಡಂ ಹೋದ ಮೇಲೆ ಸ್ಲೇಟಿನ ಮೇಲೆ ದೊಡ್ಡದಾಗಿ ಹ ಬರೆದು ಅದರ ಎದುರು ಕೂರುತ್ತೇನೆ. ಅದು ನನ್ನನ್ನು ನೋಡುತ್ತದೆ, ನಾನು ಅದನ್ನು ನೋಡುತ್ತೇನೆ.

ನಿನ್ನ,
ಪೀಪಿ

*

ಫೆಬ್ರವರಿ 24

ಪೀಪಿಗೆ,

ನೀನು ಬುದ್ಧಿವಂತೆ, ಆದರೆ ಈ ಸಲ ಎತ್ತು ಏರಿಗೆ, ಕೋಣ ನೀರಿಗೆ. ನಾನು ಹೇಳಿದ್ದು ಒಂದು, ನೀನು ಹಿಡಿದದ್ದು ಇನ್ನೊಂದು. ಬಿಡಿಸಿಯೇ ಹೇಳುತ್ತೇನೆ.

ಆಗ ನನಗೆ ಹ ಬರುತ್ತಿರಲಿಲ್ಲ. ಅದನ್ನು ಬರೆದೆಯಲ್ಲ, ನನಗೆ ಬೇಜಾರಿಲ್ಲ. ಹುಟ್ಟಿದ ಮನೆಯಲ್ಲಿ ಯಾರೂ ಹ ಆಡುತ್ತಿರಲಿಲ್ಲ. ಆಮೇಲೆ ಸೇರಿದ್ದು ಲಾಂಡ್ರಿ. ಯಂತ್ರಗಳ ಸದ್ದಿನಲ್ಲಿ ಹ ಎಂದರೂ ಯಾರಿಗೆ ಕೇಳಬೇಕು? ಅದು ಬರೀ ಉಸಿರು, ಆ ಕಡೆ ಮೂಲೆ ಮುಟ್ಟುವುದಿಲ್ಲ. ಇದರಲ್ಲಿ ನಾಚಿಕೆ ಏನು.

ನನಗೆ ಚುಚ್ಚಿದ್ದು ‘ಇಂದಿಗೂ’. ಹ ನನಗೆ ಬಂದು ವರ್ಷಗಳಾದವು.

ನಿನ್ನ ದೊಡ್ಡ ಹಾಡು ಬಂತಲ್ಲ, ‘ಹಗಲೇ, ಇನ್ನೊಂದಿಷ್ಟು ಹೊತ್ತು ಇರು’ ಎಂದು ಊರೆಲ್ಲ ಹಾಡಿದ್ದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲರ ಬಾಯಲ್ಲೂ ಅದೇ. ನಾನೂ ಕೆಲಸ ಮಾಡುತ್ತಾ ಹಾಡಿಕೊಂಡೆ. ನನ್ನ ಬಾಯಲ್ಲಿ ಅದು ‘ಅಗಲೇ, ಇನ್ನೊಂದಿಷ್ಟು ಒತ್ತು ಇರು’ ಆಯಿತು. ಇಸ್ತ್ರಿಯವಳು “ಇನ್ನೆಷ್ಟು ಒತ್ತಲಿ ಅಕ್ಕಾ, ಬಟ್ಟೆ ಸುಟ್ಟೋಗುತ್ತೆ” ಅಂದಳು. ಎಲ್ಲರೂ ನಕ್ಕರು, ಅದು ಒಳ್ಳೆಯ ತಮಾಷೆ. ಆದರೆ ಮನೆಗೆ ಬಂದು ಯೋಚಿಸಿದೆ. ಹಗಲು ಎಂದರೆ ಬೆಳಕು. ಅಗಲು ಎಂದರೆ ಬಿಟ್ಟುಹೋಗು. ನೀನು ಬೆಳಕನ್ನು ಇರು ಎಂದು ಕರೆಯುತ್ತಿದ್ದರೆ ನಾನು ಅದಕ್ಕೆ ಬಿಟ್ಟುಹೋಗು ಎನ್ನುತ್ತಿದ್ದೆ. ನನ್ನ ಹುಡುಗಿಯ ಹಾಡನ್ನು ನಾನೇ ಹೀಗೆ ಹಾಡಬಾರದು ಅನ್ನಿಸಿತು.

ಗುರು ಯಾರೂ ಇಲ್ಲ. ಕನ್ನಡಿ ಇತ್ತು. ಅ ಅಂದರೆ ಕನ್ನಡಿ ಹಾಗೇ ಇರುತ್ತದೆ. ಹ ಸರಿಯಾಗಿ ಅಂದರೆ ಮಂಜು ಕೂರುತ್ತದೆ. ಮೊದಮೊದಲು ಎಲ್ಲದಕ್ಕೂ ಹ ಹಚ್ಚಿಬಿಟ್ಟೆ. ಆಸ್ಪತ್ರೆಯವರಿಗೆ ಫೋನಿನಲ್ಲಿ “ಹಾಸ್ಪತ್ರೆ ಹೆರಡು ಮೂಟೆ” ಅಂದೆ. ಹೆರಿಗೆ ಕೇಸು ಅಂದುಕೊಂಡು ಫೋನನ್ನು ಹೆರಿಗೆ ವಾರ್ಡಿಗೆ ಕೊಟ್ಟುಬಿಟ್ಟರು. ಮತ್ತೆ ಮಳೆ ಸುರಿದು ನಿಂತ ಹಾಗೆ ಎಲ್ಲ ತಹಬಂದಿಗೆ ಬಂತು. ಈಗ ನಾನು ಹಕ್ಕಿ ಎಂದರೆ ಹಾರುತ್ತದೆ, ಅಕ್ಕಿ ಎಂದರೆ ಬೇಯುತ್ತದೆ.

ಇದನ್ನು ನಿನಗೆ ಹೇಳಲಿಲ್ಲ. ಯಾಕೆ ಹೇಳಬೇಕು, ನೀನೇ ಕೇಳಿಸಿಕೊಳ್ಳುತ್ತೀಯ ಎಂದು ಕಾದೆ. ನೀನು ಫೋನ್ ಮಾಡಿದಾಗಲೆಲ್ಲ ಹಾಡು, ಊರು, ವಿಮಾನ, ಜಗಳ ಎಲ್ಲ ಹೇಳುತ್ತಿದ್ದೆ. ನನಗೂ ಅದು ಬೇಕಿತ್ತು, ಸುಳ್ಳು ಹೇಳುವುದಿಲ್ಲ. ನಾನು ಹೂಂ ಅನ್ನುತ್ತಿದ್ದೆ. ಮೊದಲು ಊಂ ಅನ್ನುತ್ತಿದ್ದವಳು ಹೂಂ ಅನ್ನುತ್ತಿದ್ದೆ. ನಿನಗೆ ಊಂ ಎಂದೇ ಕೇಳಿತು.

ಹಕಾರಕ್ಕೆ ಒಂದು ಕಿವಿಮಾತು: ಸ್ಲೇಟನ್ನು ನೋಡುತ್ತಾ ಕೂತರೆ ಬರುವುದಿಲ್ಲ. ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳುವಾಗ ಅಂಗೈಗೆ ಊದುತ್ತೀಯಲ್ಲ, ಅದೇ ಹ. ನಿನಗೆ ಅದು ಬರುತ್ತದೆ, ಚಿಕ್ಕವಳಿದ್ದಾಗ ನನ್ನ ಕೈಗೂ ಊದುತ್ತಿದ್ದೆ.

ತಿದ್ದಿದ ಹಾಳೆಗಳು ನನ್ನ ಹತ್ತಿರವೇ ಇರಲಿ. ಹಳೆಯ ಅತ್ತೆಗೆ ಹ ಅಂಟಿಸಿದರೆ ಹೊಸ ಅತ್ತೆ ಕಂಡ ಹಾಗಾಗುವುದಿಲ್ಲ.

ಹಾರೈಕೆಯೊಂದಿಗೆ,
ಅತ್ತೆ

*

ಮಾರ್ಚ್ 2

ಅತ್ತೆ,

ಮಾತಾಡುವ ಹಾಗಿಲ್ಲ, ಆದರೆ ಕಿವಿಗೆ ಏನೂ ಆಗಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನೀನು ಮಾತಾಡು.

ಪೀಪಿ

*

ಮಾರ್ಚ್ 13

ಪೀಪಿಗೆ, ಅತ್ತೆಯಿಂದ.

ಸುಖವಾಗಿ ತಲುಪಿರಬಹುದು. ನಿನ್ನ ಕುತ್ತಿಗೆಯ ಉಣ್ಣೆ ವಸ್ತ್ರ ಇಲ್ಲೇ ಉಳಿಯಿತು, ತಣ್ಣೀರಿನಲ್ಲಿ ಕೈಯಲ್ಲೇ ಒಗೆದಿಟ್ಟಿದ್ದೇನೆ. ಸ್ಲೇಟೂ ಉಳಿದಿದೆ. ಎರಡು ದಿನದಲ್ಲಿ ನೀನು ಅದರ ಮೇಲೆ ಒಂದಕ್ಷರವೂ ಬರೆಯಲಿಲ್ಲ ಎಂಬುದನ್ನು ಈಗ ಗಮನಿಸಿದೆ.

ನಾನು ತುಂಬ ಮಾತಾಡಿದೆ. ನಿನ್ನಪ್ಪನ ಕೊನೆಯ ದಿನಗಳ ವಿಷಯ ಅಷ್ಟು ವಿವರವಾಗಿ ಹೇಳಬೇಕೆಂದು ಇರಲಿಲ್ಲ. ನೀನು ತಡೆಯಲು ಆಗದ್ದರಿಂದ ಬಂದುಬಿಟ್ಟಿತು. ನೀನು ನನ್ನ ತುಟಿಯನ್ನೇ ನೋಡುತ್ತಿದ್ದೆ. ಹ ಬಂದಾಗಲೆಲ್ಲ ನಿನ್ನ ಹುಬ್ಬು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ನನಗೂ ಹುರುಪು ಬಂದು ಬೇಕೆಂದೇ ಹಾವು, ಹೂವು, ಹುಣಸೆ, ಹರಿವೆ ಎಲ್ಲವನ್ನೂ ಮಾತಿಗೆ ಎಳೆದೆ. ನಿನಗೆ ಗೊತ್ತಾಯಿತು, ಅಲ್ಲವೇ?

ಭಾನುವಾರ ನಾವಿಬ್ಬರೂ ಬೀಗ ತೆಗೆದು ಲಾಂಡ್ರಿಗೆ ಹೋದದ್ದನ್ನು ಯಾರಿಗೂ ಹೇಳಿಲ್ಲ. ಯಂತ್ರಗಳು ನಿಂತಿರುವಾಗ ಆ ಕೋಣೆ ಅಷ್ಟು ದೊಡ್ಡದು ಎಂದು ನನಗೇ ತಿಳಿದಿರಲಿಲ್ಲ. ನಿನ್ನ ಹಾಡಿನ ಒಂದು ಸಾಲು ಹಾಡಿ ತೋರಿಸಿದೆನಲ್ಲ, ನನ್ನ ಶ್ರುತಿ ಎಲ್ಲಿಗೋ ಹೋಗಿತ್ತು, ಗೊತ್ತು. ಆದರೆ ಹಗಲು ಹಗಲೇ ಆಗಿತ್ತು, ಹೊತ್ತು ಹೊತ್ತೇ ಆಗಿತ್ತು. ನೀನು ಎದ್ದು ಹೋಗಿ ಕಿಟಕಿಯ ಕಡೆ ನಿಂತೆ. ನಾನು ಹತ್ತಿರ ಬರಲಿಲ್ಲ. ಮಡಿಸಲು ಏನೂ ಇರಲಿಲ್ಲ, ಆದರೂ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಇಸ್ತ್ರಿಯವಳಿಗೆ ಸೋಮವಾರ ಗುಮಾನಿ. “ಅಕ್ಕಾ, ಬೆಡ್‌ಶೀಟ್ ಮಡಿಕೆ ಯಾಕೋ ಬೇರೆ ಥರ ಇದೆ?” ಅಂದಳು. “ನೆಂಟರು ಬಂದಿದ್ರು, ಕೆಲಸ ಕಲಿಸ್ತಿದ್ದೆ” ಅಂದೆ.

ಕರಡಿನ ಹಾಳೆ ವಾಪಸ್ಸು ಕಳಿಸುತ್ತಿದ್ದೇನೆ. ಅಚ್ಚು ಹಾಕಿಸು. ಕೆಂಪು ಪೆನ್ನಿನಲ್ಲಿ ಮಾಡಿದ ಗುರುತುಗಳನ್ನು ತಿದ್ದುವವರಿಗೆ ತೋರಿಸು. ಅವರು ಹಾಕಿದ ಹ ಎಲ್ಲ ಹೊಡೆದುಹಾಕಿದ್ದೇನೆ. ಶಾಲೆಯಲ್ಲಿ ಅಕ್ಕಿ ಅಂದೆ, ಅಕ್ಕಿ ಎಂದೇ ಇರಲಿ. ಮೂಟೆಯ ಮೇಲೆ ಕೂರಿಸಿ ನಿನಗೆ ಅಂದದ್ದು ಆಡು. ಅದನ್ನು ಅವರು ಹಾಡು ಮಾಡಿದ್ದಾರೆ. ಹಾಡು ಅಂದಿದ್ದರೆ ನೀನು ಬರೀ ಹಾಡುತ್ತಿದ್ದೆ, ಮಾತು ಬರುತ್ತಿರಲಿಲ್ಲ.

ಕೊನೆಯ ಪುಟದಲ್ಲಿ ‘ಇಂದಿಗೂ’ ಇದ್ದ ಸಾಲು ಪೂರ್ತಿ ಹೊಡೆದಿದ್ದೇನೆ. ಆ ಜಾಗ ಖಾಲಿ ಇದೆ. ನೀನೇ ತುಂಬು. ಕೇಳಿಸಿಕೊಂಡವಳು ನೀನು.

ನಿನ್ನ,
ಅತ್ತೆ

*

ಮೇ 29

ಅತ್ತೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಏನಾದರೂ ಒಳ್ಳೆಯದಿರಲಿ ಎಂದು ಕಾದೆ.

ಏಪ್ರಿಲ್‌ನಲ್ಲಿ ಮಾತಾಡಬಹುದು ಅಂದರು. ನಿನಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಮೊದಲ ದಿನ ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. ಹಾಲಿನವನು ಬಾಗಿಲಲ್ಲಿ “ಮೇಡಂ ಇಲ್ವಾ?” ಎಂದು ನನ್ನನ್ನೇ ಕೇಳಿದ. ನೀನೂ ಹಾಗೆ ಕೇಳಿಬಿಟ್ಟರೆ ಎಂಬ ಭಯ.

ಈಗ ಹಾಡುತ್ತೇನೆ, ಸ್ವಲ್ಪ ಸ್ವಲ್ಪ. ಅಂಗೈಗೆ ಊದಿಕೊಂಡೇ ಶುರುಮಾಡುವುದು. ಮೇಡಂ “ಇದನ್ನ ಎಲ್ಲಿ ಕಲಿತ್ರಿ?” ಅಂದರು. ನಮ್ಮ ಮನೆಯಲ್ಲಿ ಅಂದೆ. ದನಿ ಕೆಳಗೆ ಇಳಿದಿದೆ. ಮೇಲಿನ ಸ್ವರಗಳು ಹೋದವು, ಬರುವುದಿಲ್ಲ ಅಂತ ಡಾಕ್ಟರು ನೇರವಾಗಿಯೇ ಹೇಳಿದರು. ‘ಹಗಲೇ’ ಹಾಡನ್ನು ಎರಡು ಮೆಟ್ಟಿಲು ಇಳಿಸಿ ಹಾಡಬೇಕು. ಮೊದಲು ಅದು ಬೆಳಕನ್ನು ಕೈಹಿಡಿದು ಎಳೆಯುತ್ತಿತ್ತು, ಈಗ ಬರೀ ಕೇಳಿಕೊಳ್ಳುತ್ತದೆ. ನನಗೆ ಇದು ಇಷ್ಟವಾಗಿದೆ. ಜನಕ್ಕೆ ಆಗುತ್ತದೋ ಗೊತ್ತಿಲ್ಲ. ಅವರು ಬರುವುದು ಆ ಹಳೆಯ ದನಿಗೆ. ಅವರಿಗೂ ಒಂದು ‘ಇಂದಿಗೂ’ ಇದೆಯಲ್ಲ.

ಮ್ಯಾನೇಜರ್‌ಗೆ ಈ ವಾರ ಉತ್ತರ ಕೊಡಬೇಕು. ವಾದ್ಯದವರಲ್ಲಿ ಒಬ್ಬ ಹಳಬ ನಿನ್ನೆ ಅಭ್ಯಾಸ ಮುಗಿದ ಮೇಲೆ ಮೆಲ್ಲಗೆ “ಅಮ್ಮಾ, ಇಲ್ಲಿಗೆ ನಿಲ್ಲಿಸಿದ್ರೆ ಹೆಸರು ಉಳಿಯುತ್ತೆ” ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಪುಸ್ತಕ ಬಂದಿದೆ, ಜನ ಓದುತ್ತಿದ್ದಾರೆ. ಬರೆಯುತ್ತಾ ಇದ್ದುಬಿಡಬಹುದು. ವೇದಿಕೆ ಹತ್ತಲೋ ಬೇಡವೋ, ನೀನು ಹೇಳು. ಬೇರೆಯವರನ್ನು ಕೇಳಿ ಸಾಕಾಯಿತು.

ಪುಸ್ತಕ ಇದರ ಜೊತೆಗಿದೆ. ಖಾಲಿ ಜಾಗ ತುಂಬಿದ್ದೇನೆ, ನೋಡು.

ನಿನ್ನ,
ಪೀಪಿ

*

ಜೂನ್ 5

ಪೀಪಿಗೆ,

ಪುಸ್ತಕ ಕೈಸೇರಿತು. ಇಸ್ತ್ರಿಯವಳು ಅದಕ್ಕೆ ಹಳೆಯ ದಿಂಬಿನ ಚೀಲದ ಬಟ್ಟೆಯಿಂದ ಹೊದಿಕೆ ಹೊಲಿದಿದ್ದಾಳೆ, ಕೈಯೆಲ್ಲ ಒದ್ದೆ ಇರುವ ಜಾಗ ನೋಡು. ಎಲ್ಲರ ಸರದಿ ಮುಗಿಯಲಿ ಎಂದು ನಾನು ಕೊನೆಗೆ ಓದಿದೆ.

ಕೊನೆಯ ಪುಟ ನೋಡಿದೆ. ‘ಅತ್ತೆಗೆ ಹ ಬಂತು. ನನ್ನ ಹಾಡು ಹಾಡಲು ಕಲಿತಳು. ನನಗೆ ತಿಳಿದದ್ದು ನನ್ನ ಬಾಯಿ ಮುಚ್ಚಿದ ಮೇಲೆ.’ ಸರಿಯಾಗಿದೆ. ಇದರಲ್ಲಿ ತಿದ್ದಲು ಏನಿಲ್ಲ. ಸೀರೆಯೂ ನೀಲಿಯಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ. ನನಗೆ ಸಂಗೀತ ತಿಳಿಯದು. ಒಗೆದು ಒಗೆದು ಬಟ್ಟೆ ಮೆತ್ತಗಾಗುತ್ತದೆ, ಬಣ್ಣ ಸ್ವಲ್ಪ ಇಳಿಯುತ್ತದೆ. ಹೊಸ ಬೆಡ್‌ಶೀಟ್ ಬೇಕು ಎಂದು ಜಗಳ ಮಾಡುವವರು ಇರುತ್ತಾರೆ, ಹಳೆಯದರ ಮೇಲೇ ನಿದ್ದೆ ಬರುವುದು ಎನ್ನುವವರೂ ಇರುತ್ತಾರೆ. ಇಬ್ಬರೂ ನಮ್ಮ ಗಿರಾಕಿಗಳೇ. ಆ ಹಳಬ ಹೇಳಿದ ಹಾಗೆ ಹೆಸರು ಉಳಿಯಬಹುದು. ಉಳಿಸಿ ಎಲ್ಲಿಡುತ್ತೀಯ, ಬೀರುವಿನಲ್ಲಾ?

ನಿನ್ನ ಕಾರ್ಯಕ್ರಮ ಗೊತ್ತುಮಾಡಿರುವ ಜೂನ್ ಕೊನೆಯ ಶನಿವಾರಕ್ಕೆ ರಜೆ ಹೇಳಿದ್ದೇನೆ. ಮಡಿಸುವವರೂ ಬರುತ್ತಾರಂತೆ, ಹೋಟೆಲಿನವರ ವ್ಯಾನ್ ಕೇಳಿದ್ದೇವೆ. ನೀನು ಹಾಡಿದರೆ ಹಾಡು ಕೇಳುತ್ತೇವೆ. ವೇದಿಕೆ ಮೇಲೆ ನಿಂತು ಪುಸ್ತಕ ಓದಿದರೆ ಪುಸ್ತಕ ಕೇಳುತ್ತೇವೆ. ಸುಮ್ಮನೆ ಮಾತಾಡಿದರೂ ಆಯಿತು, ಇಷ್ಟು ದೂರ ಬಂದವರು ಎದ್ದು ಹೋಗುವುದಿಲ್ಲ. ಅದಕ್ಕೇ ಯೋಚಿಸಿ, ಒಂದೇ ಪದದಲ್ಲಿ ಬರೆಯುತ್ತಿದ್ದೇನೆ. ತಿದ್ದುವವರ ಕೈಗೆ ಕೊಡಬೇಡ.

ಪೀಪಿ, ಆಡು.

ಅತ್ತೆ